ಬಣ್ಣ, ಹಾಡು, ಬರಹ: ಮನಸ್ಸಿನ ಆರೈಕೆಗೆ ಕಲೆಯನ್ನು ಬಳಸಿಕೊಳ್ಳುವ ಬಗೆ

ಕಲಾಚಿಕಿತ್ಸೆ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ತರಬೇತಿ ಪಡೆದ ಚಿಕಿತ್ಸಕರು ವ್ಯಕ್ತಿಯ ತೊಂದರೆಯನ್ನು ಅರಿತು, ಗುರಿ ಇಟ್ಟುಕೊಂಡು, ಚಿತ್ರ, ಸಂಗೀತ, ನೃತ್ಯ ಅಥವಾ ನಾಟಕದ ಮೂಲಕ ವಾರವಾರವೂ ನಡೆಸುವ ಚಿಕಿತ್ಸೆ ಒಂದು. ಮನೆಯಲ್ಲಿ, ಸ್ತ್ರೀಶಕ್ತಿ ಸಂಘದಲ್ಲಿ, ಶಾಲೆಯಲ್ಲಿ ನಾವೇ ಮನಸ್ಸಿನ ಭಾರ ಇಳಿಸಿಕೊಳ್ಳಲು ಮಾಡಿಕೊಳ್ಳುವ ಕಲಾಭ್ಯಾಸ ಇನ್ನೊಂದು. ಮೊದಲನೆಯದಕ್ಕೆ ಬೇಕಾದ ಪರಿಣತರು ಹಾಸನ, ಚಿಕ್ಕಮಗಳೂರಿನಂಥ ಊರುಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಎರಡನೆಯದಕ್ಕೆ ಬೇಕಾದ ಸಾಮಗ್ರಿ ಬಹುಮಟ್ಟಿಗೆ ಇಲ್ಲಿನ ಪ್ರತಿ ಮನೆಯಲ್ಲೂ ಇದೆ. ಈ ಬರಹ ಎರಡನೆಯದನ್ನು ಮಾಡಿಕೊಳ್ಳುವ ಕ್ರಮವನ್ನು ತಿಳಿಸುತ್ತದೆ, ಅದು ಎಲ್ಲಿಗೆ ಸಾಲದೆ ಬಂದು ವೈದ್ಯರ ಕೆಲಸ ಶುರುವಾಗುತ್ತದೆ ಎಂಬುದನ್ನೂ ಹೇಳುತ್ತದೆ.

ಆಧುನಿಕ ವೈದ್ಯಕೀಯದೊಳಗೆ ಈ ಪದ್ಧತಿಗೆ ಹೆಸರು ಬಂದದ್ದು 1940ರ ದಶಕದಲ್ಲಿ. ಕ್ಷಯರೋಗಕ್ಕಾಗಿ ಸ್ಯಾನಟೋರಿಯಂ ಸೇರಿದ್ದ ಇಂಗ್ಲೆಂಡಿನ ಚಿತ್ರಕಾರ ಏಡ್ರಿಯನ್ ಹಿಲ್, ಹಾಸಿಗೆಯಲ್ಲೇ ಕುಳಿತು ಬರೆದ ಚಿತ್ರಗಳಿಂದ ತಮಗಾದ ಉಪಕಾರವನ್ನು ಕಂಡು ಉಳಿದ ರೋಗಿಗಳಿಗೂ ಪೆನ್ಸಿಲ್ ಹಿಡಿಸಿದರು. ‘ಆರ್ಟ್ ಥೆರಪಿ’ ಎಂಬ ಹೆಸರನ್ನು 1942ರಲ್ಲಿ ಬಳಕೆಗೆ ತಂದವರೂ ಅವರೇ. ಅದೇ ವರ್ಷ ಅಮೆರಿಕದ ವಾಷಿಂಗ್ಟನ್‌ನಲ್ಲಿರುವ ಸೇಂಟ್ ಎಲಿಜಬೆತ್ಸ್ ಮನೋರೋಗ ಆಸ್ಪತ್ರೆಯಲ್ಲಿ ಮೇರಿಯನ್ ಚೇಸ್ ರೋಗಿಗಳೊಡನೆ ನೃತ್ಯದ ಕೆಲಸ ಆರಂಭಿಸಿದರು.

ಇದರಿಂದ ಪ್ರಯೋಜನ ಎಷ್ಟು ಎಂಬ ಪ್ರಶ್ನೆಗೆ ಉತ್ಸಾಹದ ಉತ್ತರಕ್ಕಿಂತ ಅಳತೆಯ ಉತ್ತರ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ಕಚೇರಿ 2019ರಲ್ಲಿ ಪ್ರಕಟಿಸಿದ ವರದಿಯು 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ, ರೋಗ ತಡೆಯಿಂದ ಹಿಡಿದು ಚಿಕಿತ್ಸೆಯವರೆಗೆ ಕಲೆಗಳಿಗೆ ಪಾತ್ರವಿದೆ ಎಂದಿತು. ಖಿನ್ನತೆಗೆ ಸಂಗೀತ ಚಿಕಿತ್ಸೆಯ ಬಗ್ಗೆ 2017ರಲ್ಲಿ ಬಂದ ಕಾಕ್ರೇನ್ ಪರಾಮರ್ಶೆಯು (ಒಂದೇ ವಿಷಯದ ಪ್ರಯೋಗಗಳನ್ನು ಒಟ್ಟಿಗೆ ಒರೆಗೆ ಹಚ್ಚಿ ನೋಡುವ ವರದಿ), ಮಾಮೂಲಿ ಚಿಕಿತ್ಸೆಯ ಜೊತೆಗೆ ಸಂಗೀತವನ್ನು ಸೇರಿಸಿದಾಗ ಅಲ್ಪಾವಧಿಯಲ್ಲಿ ಲಕ್ಷಣಗಳು ಇಳಿಯುತ್ತವೆ ಎಂದು ಕಂಡುಕೊಂಡಿತು. ಆದರೆ ಬ್ರಿಟನ್ನಿನಲ್ಲಿ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವಂಥ ತೀವ್ರ ಮನೋರೋಗ) ಇದ್ದ 417 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಗುಂಪಿನಲ್ಲಿ ಚಿತ್ರ ಬರೆಸಿದ್ದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಗುಂಪಿಗೆ ಸೇರಿಸಲಾದವರಲ್ಲಿ ಬಹಳ ಮಂದಿ ಸರಿಯಾಗಿ ಬರಲೂ ಇಲ್ಲ. ಈ ಎರಡನ್ನೂ ಜೊತೆಗಿಟ್ಟು ನೋಡಿದರೆ ನನಗೆ ತೋರುವುದು ಇಷ್ಟು: ಕಲೆಯು ಔಷಧಿಯ ಜೊತೆಗೆ ಬರಬೇಕಾದದ್ದೇ ಹೊರತು ಅದರ ಜಾಗಕ್ಕೆ ಬರಬೇಕಾದದ್ದಲ್ಲ, ಮತ್ತು ಇಷ್ಟವಿಲ್ಲದವರ ಕೈಗೆ ಕುಂಚ ತುರುಕಿದರೆ ಏನೂ ಆಗದು.

‘ನನಗೆ ಚಿತ್ರ ಬರೆಯಲು ಬರುವುದಿಲ್ಲ’ ಎಂಬುದು ಎಲ್ಲಕ್ಕಿಂತ ಮೊದಲು ಕೇಳಿಬರುವ ಮಾತು. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ 39 ವಯಸ್ಕರಿಂದ 45 ನಿಮಿಷ ತಮಗೆ ತೋಚಿದ ಹಾಗೆ ಚಿತ್ರ, ಜೇಡಿಮಣ್ಣು, ಕಾಗದದ ಕೆಲಸ ಮಾಡಿಸಿ, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಅನ್ನು ಅವರ ಎಂಜಲಿನಲ್ಲಿ ಅಳೆದಾಗ, ಸುಮಾರು ಶೇಕಡ 75ರಷ್ಟು ಮಂದಿಯಲ್ಲಿ ಅದು ಇಳಿದಿತ್ತು. ಮೊದಲೇ ಕಲೆಯ ಅಭ್ಯಾಸ ಇದ್ದವರಿಗೂ ಇಲ್ಲದವರಿಗೂ ಇದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಹೋಲಿಕೆಗೆ ಬೇರೆ ಗುಂಪು ಇಲ್ಲದ ಸಣ್ಣ ಅಧ್ಯಯನವಿದು, 2016ರದ್ದು. ಆದರೂ ಕೈ ನುರಿತಿಲ್ಲ ಎಂಬ ಹಿಂಜರಿಕೆಗೆ ಇಷ್ಟು ಸಮಾಧಾನ ಸಾಕು.

ಆರಂಭಕ್ಕಿಂತ ಮುಕ್ತಾಯ ಮುಖ್ಯ

ಕಲಾಭ್ಯಾಸದ ಬಗ್ಗೆ ಸಲಹೆ ಕೊಡುವವರು ಹೇಗೆ ಆರಂಭಿಸಬೇಕೆಂದು ಉದ್ದಕ್ಕೆ ಹೇಳುತ್ತಾರೆ. ಹೇಗೆ ಮುಗಿಸಬೇಕೆಂದು ಹೇಳುವವರು ಕಡಿಮೆ. ನಿಜವಾದ ಎಚ್ಚರ ಬೇಕಾಗಿರುವುದು ಅಲ್ಲಿಯೇ. ಚಿತ್ರವಾಗಲಿ ಬರಹವಾಗಲಿ ಒಳಗೆ ಅದುಮಿಟ್ಟದ್ದನ್ನು ಮೇಲಕ್ಕೆ ತರಬಲ್ಲದು, ಮತ್ತು ಮೇಲೆ ಬಂದದ್ದನ್ನು ಹಾಗೆಯೇ ತೆರೆದಿಟ್ಟು ಎದ್ದು ಹೋದರೆ ರಾತ್ರಿಯಿಡೀ ಅದು ಕಾಡುತ್ತದೆ. ಆದ್ದರಿಂದ ಪ್ರತಿ ಸಲವೂ ಮೊದಲೇ ಗಡಿಯಾರ ನೋಡಿ ಅವಧಿ ಗೊತ್ತುಮಾಡಿಕೊಳ್ಳಬೇಕು. ಹೊಸಬರಿಗೆ 15ರಿಂದ 20 ನಿಮಿಷ ಸಾಕು. ನವೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲಿನಲ್ಲಿ ದಿನವಿಡೀ ದುಡಿದು ಬಂದವರಿಗೆ ಹತ್ತು ನಿಮಿಷವೇ ಹೆಚ್ಚು. ಕೊನೆಯ ಐದು ನಿಮಿಷವನ್ನು ಯಾವ ಕಾರಣಕ್ಕೂ ಕೆಲಸಕ್ಕೆ ಬಳಸದೆ ಮುಕ್ತಾಯಕ್ಕೆಂದೇ ಮೀಸಲಿಡಬೇಕು.

ಆ ಐದು ನಿಮಿಷದಲ್ಲಿ ಮಾಡಬೇಕಾದದ್ದು ತೀರ ಸಾಮಾನ್ಯವಾದ ಕೆಲಸ. ಬಣ್ಣದ ಡಬ್ಬಿಗೆ ಮುಚ್ಚಳ ಹಾಕಿ, ಪುಸ್ತಕವನ್ನು ಮಡಿಸಿ ಪೆಟ್ಟಿಗೆಯಲ್ಲೋ ಬೀರುವಿನಲ್ಲೋ ಇಟ್ಟು, ತಣ್ಣೀರಿನಲ್ಲಿ ಕೈ ತೊಳೆದು, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರನ್ನೂ ಕಿವಿಗೆ ಬೀಳುವ ಮೂರು ಸದ್ದುಗಳನ್ನೂ ಮನಸ್ಸಿನಲ್ಲೇ ಹೇಳಿಕೊಂಡು, ಅನಂತರ ಅಕ್ಕಿ ಆರಿಸುವುದು, ಬಟ್ಟೆ ಮಡಿಸುವುದು, ದನಕ್ಕೆ ಹುಲ್ಲು ಹಾಕುವುದು ಮುಂತಾದ ಯಾವುದಾದರೂ ಮೈ ಕೆಲಸಕ್ಕೆ ಎದ್ದುಬಿಡಬೇಕು. ಮಲಗುವ ಮುನ್ನ ಈ ಅಭ್ಯಾಸ ಬೇಡ. ಮನೆಯಲ್ಲಿ ಇನ್ನೊಬ್ಬರಾದರೂ ಎಚ್ಚರವಾಗಿರುವ ಸಂಜೆಯ ಹೊತ್ತು ಒಳ್ಳೆಯದು.

ಇದರ ಜೊತೆಗೆ ಒಂದು ಚಿಕ್ಕ ಲೆಕ್ಕ ಇಟ್ಟುಕೊಳ್ಳಬಹುದು. ಕೂರುವ ಮೊದಲು ಮನಸ್ಸಿನ ಸಂಕಟಕ್ಕೆ 0ಯಿಂದ 10ರೊಳಗೆ ಒಂದು ಅಂಕ ಕೊಟ್ಟು ಪುಟದ ಮೂಲೆಯಲ್ಲಿ ಬರೆಯಿರಿ; ಮುಗಿಸಿ ಅರ್ಧ ಗಂಟೆಯಾದ ಮೇಲೆ ಮತ್ತೊಮ್ಮೆ ಬರೆಯಿರಿ. ಒಂದು ದಿನ ಅಂಕ ಏರಿದ್ದರೆ ಗಾಬರಿ ಬೇಡ. ಸಾಲಾಗಿ ಮೂರು ಸಲ ಏರಿದ್ದರೆ ಆ ಕೆಲಸ ನಿಮಗೆ ಸದ್ಯಕ್ಕೆ ಹೊಂದುವುದಿಲ್ಲವೆಂದು ತಿಳಿದು ಬಿಟ್ಟುಬಿಡಬೇಕು, ಹಟ ಹಿಡಿಯಬಾರದು.

ಯಾವ ಮನಃಸ್ಥಿತಿಗೆ ಯಾವ ಕೆಲಸ

ಮನಸ್ಸು ಚಡಪಡಿಸುವಾಗ, ಎದೆ ಹೊಡೆದುಕೊಳ್ಳುವಾಗ, ಒಂದೇ ಚಿಂತೆ ಸುತ್ತುತ್ತಿರುವಾಗ ಖಾಲಿ ಹಾಳೆ ಎದುರಿಗಿಡಬಾರದು. ‘ಏನು ಬೇಕಾದರೂ ಬರೆಯಿರಿ’ ಎಂಬ ಸ್ವಾತಂತ್ರ್ಯವೇ ಅಂಥವರಿಗೆ ಇನ್ನೊಂದು ಚಿಂತೆಯಾಗುತ್ತದೆ. ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮೊದಲೇ ಗೆರೆ ಹಾಕಿದ ಮಂಡಲಕ್ಕೆ (ವೃತ್ತದೊಳಗಿನ ವಿನ್ಯಾಸಕ್ಕೆ) ಅಥವಾ ಚೌಕುಳಿ ವಿನ್ಯಾಸಕ್ಕೆ ಬಣ್ಣ ತುಂಬಿದವರ ಆತಂಕವು ಖಾಲಿ ಹಾಳೆಯಲ್ಲಿ ಬಣ್ಣ ಹಚ್ಚಿದವರಿಗಿಂತ ಹೆಚ್ಚು ಇಳಿದಿತ್ತು. ನಮ್ಮಲ್ಲಿ ಇದಕ್ಕೆ ಮಂಡಲದ ಪುಸ್ತಕ ಕೊಳ್ಳಬೇಕಾಗಿಲ್ಲ. ಚುಕ್ಕಿ ರಂಗೋಲಿ ಇದೆ. 7ರಿಂದ 4ರವರೆಗೆ ಮಧ್ಯಚುಕ್ಕಿ ಇಟ್ಟು, ಚುಕ್ಕಿಗಳನ್ನು ಬಳಸಿಕೊಂಡು ಎಳೆ ಎಳೆಯುವಾಗ ಕಣ್ಣು, ಬೆರಳು, ಎಣಿಕೆ ಮೂರೂ ಒಂದೇ ಕಡೆ ನಿಲ್ಲಬೇಕಾಗುತ್ತದೆ, ಚಿಂತೆಗೆ ಜಾಗ ಕಿರಿದಾಗುತ್ತದೆ. ತಪ್ಪಿದ ಎಳೆಯನ್ನು ಬೆರಳಿನಿಂದ ಒರೆಸಬಹುದು. ಮರುದಿನ ಬೆಳಗ್ಗೆ ಇಡೀ ರಂಗೋಲಿಯೇ ಇರುವುದಿಲ್ಲ. ತಾವು ಮಾಡಿದ್ದನ್ನು ಯಾರಾದರೂ ನೋಡಿ ಅಳೆಯುತ್ತಾರೆಂದು ಅಂಜುವವರಿಗೆ ಇದಕ್ಕಿಂತ ಹಗುರವಾದ ಮಾಧ್ಯಮ ನನಗೆ ತಿಳಿಯದು. ಆದರೆ ಹಬ್ಬದ ರಂಗೋಲಿ ಸ್ಪರ್ಧೆಯನ್ನು ಇದರೊಡನೆ ಬೆರೆಸಬಾರದು. ಬಹುಮಾನ ಬಂದ ಕೂಡಲೇ ಆರೈಕೆ ಹೊರಟುಹೋಗುತ್ತದೆ. ಗಂಡಸರು ರಂಗೋಲಿ ಎಂದರೆ ಹಿಂಜರಿಯುವ ಮನೆಗಳಲ್ಲಿ ಅದೇ ಚುಕ್ಕಿಗಳನ್ನು ಚೌಕುಳಿ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಹಾಕಬಹುದು. ಮೊಣಕಾಲು ನೋವಿನಿಂದ ಕೂರಲಾರದ ಹಿರಿಯರಿಗೆ ಸ್ಲೇಟು, ಬಳಪ ಅನುಕೂಲ.

ನೋಡಿ ಬರೆಯುವ ಅಭ್ಯಾಸವೂ ಆತಂಕಕ್ಕೆ ಒಳ್ಳೆಯದು, ಮತ್ತು ಇದಕ್ಕೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಷ್ಟು ಅನುಕೂಲವಾದ ನಾಡು ಬೇರೆ ಸಿಗುವುದು ಕಷ್ಟ. ಬೇಲೂರು ಮತ್ತು ಹಳೇಬೀಡಿನ ದೇವಾಲಯಗಳು 2023ರಲ್ಲಿ ಸೋಮನಾಥಪುರದ ಜೊತೆಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿ ಜನಸಂದಣಿ ಇರುತ್ತದೆಂದು ಅನ್ನಿಸಿದರೆ, ಹಾಸನದ ಹತ್ತಿರದ ದೊಡ್ಡಗದ್ದವಳ್ಳಿ, ಚಿಕ್ಕಮಗಳೂರು ಕಡೆಯ ಬೆಳವಾಡಿ, ತರೀಕೆರೆ ಬಳಿಯ ಅಮೃತಾಪುರಗಳಿಗೆ ಹೋಗಬಹುದು. ಇಡೀ ಗುಡಿಯನ್ನು ಬರೆಯುವ ಆಸೆ ಬೇಡ. ಹಳೇಬೀಡಿನ ಗೋಡೆಯ ಬುಡದಲ್ಲಿ ಸಾಲಾಗಿ ಸಾಗುವ ಆನೆಗಳಲ್ಲಿ ಒಂದನ್ನು ಆರಿಸಿ, ಮೊದಲು ಐದು ನಿಮಿಷ ಪೆನ್ಸಿಲ್ ಮುಟ್ಟದೆ ನೋಡಿ, ಅನಂತರ ಸೊಂಡಿಲಿನ ತಿರುವನ್ನಷ್ಟೇ ಬರೆದರೆ ಆ ದಿನದ ಕೆಲಸ ಮುಗಿಯಿತು.

ಖಿನ್ನತೆಯ ಜಡ ಹಿಡಿದವರ ವಿಷಯ ಬೇರೆ. ಅವರಿಗೆ ಕೂತು ಮಾಡುವ ಕೆಲಸಕ್ಕಿಂತ ದನಿ ಮತ್ತು ಮೈ ಬಳಸುವ ಕೆಲಸ ಹಿತ, ಆದರೆ ಅಲ್ಲಿಗೆ ಅವರನ್ನು ಕರೆತರುವ ದಾರಿ ನಿಧಾನವಾಗಿರಬೇಕು. ದುಃಖದಲ್ಲಿರುವವರಿಗೆ ಕುಣಿತದ ಹಾಡು ಹಾಕಿದರೆ ಅವರು ಇನ್ನಷ್ಟು ಒಳಗೆ ಸರಿಯುತ್ತಾರೆ. 1940ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಐರಾ ಆಲ್ಟ್‌ಶುಲರ್ ವಿವರಿಸಿದ ಕ್ರಮ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಮೊದಲು ಈಗಿರುವ ಮನಃಸ್ಥಿತಿಗೇ ಹೊಂದುವ ಸಂಗೀತ, ಆಮೇಲೆ ಮೆಲ್ಲಗೆ ಬೇಕಾದ ಮನಃಸ್ಥಿತಿಯ ಕಡೆಗೆ ತಿರುಗುವ ಸಂಗೀತ. ಮೊಬೈಲಿನಲ್ಲಿ ನಿಮ್ಮ ಇಷ್ಟದ ನಾಲ್ಕು ಹಾಡುಗಳನ್ನು ಹೀಗೆ ಜೋಡಿಸಿಕೊಳ್ಳಿ: ಮೊದಲನೆಯದು ನಿಧಾನದ್ದು, ಮಂಕಾದದ್ದು, ಎರಡನೆಯದು ಅದೇ ಲಯದಲ್ಲಿ ಸ್ವಲ್ಪ ಬೆಳಕಿನದ್ದು, ಮೂರನೆಯದಕ್ಕೆ ಕಾಲಿನಲ್ಲಿ ತಾಳ ಹಾಕಬಹುದು, ನಾಲ್ಕನೆಯದಕ್ಕೆ ದನಿಗೂಡಿಸಬಹುದು. ಕೇಳುವುದಕ್ಕಿಂತ ಹಾಡುವುದು ಮೇಲು, ಏಕೆಂದರೆ ಹಾಡುವಾಗ ಉಸಿರು ತಾನಾಗಿಯೇ ಉದ್ದವಾಗಿ ಹೊರಬೀಳುತ್ತದೆ. ಒಬ್ಬರೇ ಹಾಡುವುದಕ್ಕಿಂತ ಕೂಡಿ ಹಾಡುವುದು ಇನ್ನೂ ಮೇಲು. ಇಂಗ್ಲೆಂಡಿನಲ್ಲಿ ಹಾಡು, ಕರಕುಶಲ, ಬರವಣಿಗೆ ಈ ಮೂರರ ತರಗತಿಗಳನ್ನು ಏಳು ತಿಂಗಳು ಹೋಲಿಸಿ ನೋಡಿದಾಗ, ಕೊನೆಗೆ ಎಲ್ಲ ಗುಂಪುಗಳಲ್ಲೂ ಪರಸ್ಪರ ಒಡನಾಟ ಬೆಳೆದಿತ್ತಾದರೂ ಹಾಡಿನ ಗುಂಪಿನವರು ಎಲ್ಲರಿಗಿಂತ ಬೇಗ ಹತ್ತಿರವಾಗಿದ್ದರು. ಸೋಬಾನೆ ಪದ, ಭಜನೆ, ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿ ಮನೆಮನೆಗೆ ದೀಪ ಒಯ್ಯುತ್ತ ಹಾಡುವ ಅಂಟಿಗೆ ಪಂಟಿಗೆ ಇವೆಲ್ಲ ಒಬ್ಬರು ಎತ್ತಿಕೊಟ್ಟು ಉಳಿದವರು ಹಿಡಿಯುವ ಹಾಡುಗಳಾದ್ದರಿಂದ, ಒಂಟಿಯಾಗಿ ಹಾಡಲು ನಾಚುವವರೂ ಸೊಲ್ಲಿನಲ್ಲಿ ಸೇರಿಕೊಳ್ಳಬಹುದು. ಜಡಿಮಳೆಯ ತಿಂಗಳುಗಳಲ್ಲಿ, ಮಕ್ಕಳು ಬೆಂಗಳೂರಿನಲ್ಲಿದ್ದು ತೋಟದ ಮನೆಯಲ್ಲಿ ಇಬ್ಬರೇ ಉಳಿದ ಹಿರಿಯರಿಗೆ, ವಾರಕ್ಕೊಮ್ಮೆ ಫೋನಿನಲ್ಲಾದರೂ ಇಂಥ ಒಂದು ಹಾಡಿನ ಹೊತ್ತನ್ನು ಗೊತ್ತುಮಾಡಿಕೊಡುವುದು ಮಕ್ಕಳು ಮಾಡಬಹುದಾದ ಕೆಲಸ.

ಮೈ ಬಳಸುವುದಕ್ಕೆ ಕೋಲಾಟ ಸಾಕು. ಎದುರಿಗಿರುವವರ ಕೋಲನ್ನು ಸರಿಯಾದ ಹೊತ್ತಿಗೆ ತಾಗಿಸಬೇಕಾದ್ದರಿಂದ ಗಮನ ಬೇರೆಡೆ ಹೋಗದು. ಬೀಳುವ ಭಯವಿರುವವರು ಕುರ್ಚಿಯಲ್ಲಿ ಕುಳಿತೇ ಆಡಬಹುದು.

ಹೇಳಲಾರದೆ ಉಳಿದ ಮಾತಿಗೆ, ಅಗಲಿಕೆಗೆ, ಅವಮಾನಕ್ಕೆ ಬರಹ ಹೊಂದುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಂಗಡಿಗರು 1986ರಿಂದ ಪರೀಕ್ಷಿಸುತ್ತ ಬಂದ ಕ್ರಮ ಸರಳವಾಗಿದೆ: ಮನಸ್ಸನ್ನು ಕಲಕಿದ ಒಂದು ಸಂಗತಿಯ ಬಗ್ಗೆ, ಅದರ ವಿವರವನ್ನೂ ಅದು ಹುಟ್ಟಿಸಿದ ಭಾವವನ್ನೂ ಸೇರಿಸಿ, ದಿನಕ್ಕೆ 15ರಿಂದ 20 ನಿಮಿಷದಂತೆ ಮೂರು ನಾಲ್ಕು ದಿನ ಬರೆಯುವುದು. ಕಾಗುಣಿತ, ವ್ಯಾಕರಣ ನೋಡಬೇಕಾಗಿಲ್ಲ. ಮನೆಯಲ್ಲಿ ಆಡುವ ಮಾತಿನಲ್ಲೇ ಬರೆದರೆ ಸಾಕು. ಬರೆದ ಕೂಡಲೇ ಮನಸ್ಸು ಹಗುರಾಗುತ್ತದೆಂದು ನಿರೀಕ್ಷಿಸಬಾರದು. ಆ ಹೊತ್ತಿಗೆ ಬೇಸರ ಹೆಚ್ಚುವುದೇ ಸಾಮಾನ್ಯ, ಉಪಯೋಗ ಕಂಡರೆ ಅದು ಕೆಲವು ವಾರಗಳ ಮೇಲೆ. ಯಾವುದೋ ಒಂದು ಸಂಗತಿಯನ್ನು ಬರೆದರೆ ತಡೆಯಲಾಗದು ಎನ್ನಿಸಿದರೆ ಅದನ್ನು ಬಿಟ್ಟು ಬೇರೆಯದನ್ನು ಬರೆಯಬೇಕು. ಸಾವು ಅಥವಾ ದುರಂತ ನಡೆದ ಮೊದಲ ವಾರಗಳಲ್ಲಿ ಈ ಕ್ರಮ ಬೇಡ. ಆಗ ಬೇಕಾಗಿರುವುದು ಊಟ, ನಿದ್ದೆ, ಹತ್ತಿರ ಕೂರುವ ಜನ. ಬರೆದದ್ದು ಇನ್ನೊಬ್ಬರ ಕೈಗೆ ಸಿಗುವ ಭಯವಿದ್ದರೆ ಹರಿದು ಒಲೆಗೆ ಹಾಕಿ, ಏಕೆಂದರೆ ಕೂಡುಕುಟುಂಬದಲ್ಲಿ ಗುಟ್ಟಿನ ಡೈರಿ ಬಹಳ ದಿನ ಗುಟ್ಟಾಗಿ ಉಳಿಯುವುದಿಲ್ಲ.

ಸಿಟ್ಟಿಗೆ ಜೇಡಿಮಣ್ಣು. ಕುಂಬಾರರಿಂದಲೋ ಗಣಪತಿ ಮಾಡುವವರಿಂದಲೋ ಒಂದು ಮುದ್ದೆ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಹಲವು ದಿನ ಬರುತ್ತದೆ. ಹಿಸುಕಬಹುದು, ಬಡಿಯಬಹುದು, ಮತ್ತೆ ಉಂಡೆ ಮಾಡಬಹುದು. ಬಣ್ಣಕ್ಕೆ ದುಡ್ಡು ಖರ್ಚು ಮಾಡಲು ಮನಸ್ಸಿಲ್ಲದವರಿಗೆ ಗಟ್ಟಿ ಕಾಫಿ ಡಿಕಾಕ್ಷನ್ನೇ ಸಾಕು: ನೀರು ಬೆರೆಸಿದಷ್ಟೂ ತಿಳಿಯಾಗುವ ಕಂದು ಬಣ್ಣ, ದಪ್ಪ ಡ್ರಾಯಿಂಗ್ ಹಾಳೆಯ ಮೇಲೆ ಚೆನ್ನಾಗಿ ಕೂರುತ್ತದೆ, ಒಂದೇ ಬಣ್ಣವಾದ್ದರಿಂದ ಆಯ್ಕೆಯ ತಲೆನೋವೂ ಇಲ್ಲ.

ನಾಟಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಾತ್ರ ಕಟ್ಟಿ ಆಡುವುದು ಮಕ್ಕಳಿಗೂ ದೊಡ್ಡವರಿಗೂ ಸಂತೋಷದ ಸಂಗತಿಯೇ ಸರಿ. ಆದರೆ ಮನೋವೈದ್ಯ ಜೇಕಬ್ ಮೊರೆನೊ ರೂಪಿಸಿದ ಸೈಕೋಡ್ರಾಮಾದಂತೆ ತನ್ನದೇ ಬದುಕಿನ ನೋವಿನ ಗಳಿಗೆಯನ್ನು ಮತ್ತೆ ಅಭಿನಯಿಸುವುದು, ತೀರಿಹೋದವರು ಎದುರಿನ ಖಾಲಿ ಕುರ್ಚಿಯಲ್ಲಿದ್ದಾರೆಂದು ಭಾವಿಸಿ ಮಾತನಾಡುವುದು, ಇವನ್ನು ತರಬೇತಿ ಇಲ್ಲದವರು ನಡೆಸಬಾರದು.

ಗುಂಪಿನಲ್ಲಿ ಮಾಡುವಾಗ

ಆಶಾ ಕಾರ್ಯಕರ್ತೆಯರು, ಶಿಕ್ಷಕರು, ಸಂಘದ ಮುಂದಾಳುಗಳು ಇಂಥ ಗುಂಪು ನಡೆಸಲು ಮುಂದಾದರೆ ಎಂಟು ಹತ್ತು ಮಂದಿಗಿಂತ ಹೆಚ್ಚು ಬೇಡ. ಮೊದಲ ದಿನವೇ ಮೂರು ಮಾತು ಆಗಬೇಕು: ಇಲ್ಲಿ ಕೇಳಿದ್ದನ್ನು ಹೊರಗೆ ಹೇಳುವುದಿಲ್ಲ, ಯಾರನ್ನೂ ಮಾತಾಡಿಸಲು ಬಲವಂತ ಮಾಡುವುದಿಲ್ಲ, ಯಾರ ಕೆಲಸವನ್ನೂ ಫೋಟೋ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕುವುದಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಮೊದಲನೆಯ ಮಾತು ಪೂರ್ತಿ ನಿಲ್ಲುತ್ತದೆಂದು ನಂಬುವುದು ಕಷ್ಟ, ಹಾಗಾಗಿ ಮನೆಯ ಗುಟ್ಟು ಹೊರಗೆ ಬರುವಂಥ ವಿಷಯಗಳನ್ನು ಗುಂಪಿನಲ್ಲಿ ಕೊಡದಿರುವುದೇ ಕ್ಷೇಮ. ‘ನಿಮ್ಮ ದುಃಖವನ್ನು ಬರೆಯಿರಿ’ ಎನ್ನುವ ಬದಲು ‘ಚಿಕ್ಕಂದಿನಲ್ಲಿ ನೀವು ಇಷ್ಟಪಟ್ಟ ಒಂದು ಜಾಗವನ್ನು ಬರೆಯಿರಿ’ ಎನ್ನಬಹುದು.

ಇನ್ನೊಂದು ಕಟ್ಟುನಿಟ್ಟು ಇದೆ. ಇನ್ನೊಬ್ಬರ ಚಿತ್ರಕ್ಕೆ ಅರ್ಥ ಹೇಳಬಾರದು. ಹುಡುಗಿಯೊಬ್ಬಳು ಆಕಾಶಕ್ಕೆ ಕಪ್ಪು ಬಳಿದರೆ ಅದು ಖಿನ್ನತೆಯ ಗುರುತಾಗಿರಬೇಕಾಗಿಲ್ಲ, ಮೂಡಿಗೆರೆಯ ಜುಲೈ ತಿಂಗಳ ಆಕಾಶವೂ ಆಗಿರಬಹುದು. ‘ಇದರ ಬಗ್ಗೆ ಏನಾದರೂ ಹೇಳಬೇಕೆನಿಸುತ್ತದೆಯೇ?’ ಎಂದು ಕೇಳಿ, ಇಲ್ಲವೆಂದರೆ ಅಲ್ಲಿಗೆ ಬಿಡಬೇಕು. ‘ಚೆನ್ನಾಗಿದೆ’ ಎಂಬ ಹೊಗಳಿಕೆಯನ್ನೂ ಹಿಡಿತದಲ್ಲಿಡುವುದು ಒಳ್ಳೆಯದು. ಹೊಗಳಿಸಿಕೊಂಡವರು ಮುಂದಿನ ಸಲ ಹೊಗಳಿಕೆಗಾಗಿಯೇ ಬರೆಯುತ್ತಾರೆ.

ಸಕಲೇಶಪುರ, ಆಲೂರು ಭಾಗಗಳಲ್ಲಿ ಕಾಡಾನೆಯಿಂದ ಸಾವು ಸಂಭವಿಸಿದ ಹಳ್ಳಿಗಳಲ್ಲಾಗಲಿ, 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಊರುಗಳು ಕಂಡಂಥ ಭೂಕುಸಿತದ ಬಳಿಕವಾಗಲಿ, ಮಕ್ಕಳಿಗೆ ಕ್ರೇಯಾನ್ ಹಂಚಿ ‘ನಡೆದದ್ದನ್ನು ಬರೆಯಿರಿ’ ಎನ್ನುವ ಒಳ್ಳೆಯ ಮನಸ್ಸಿನ ಜನ ಬರಬಹುದು. ಇದು ಕೂಡದು. ನಡೆದದ್ದನ್ನು ಬಲವಂತವಾಗಿ ನೆನಪಿಸುವುದರಿಂದ ಕೆಲವರಿಗೆ ಗಾಯ ಆಳವಾಗುತ್ತದೆ. ಬಣ್ಣ ಕೊಡಿ, ಹಾಳೆ ಕೊಡಿ, ವಿಷಯ ಕೊಡಬೇಡಿ. ಮಗು ತಾನಾಗಿ ಆನೆಯನ್ನು ಬರೆದರೆ ತಡೆಯಬೇಡಿ, ಬರೆಯದಿದ್ದರೆ ಕೇಳಬೇಡಿ. ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅದೇ ಪರಿಚಿತ ಮುಖ ದಿನವೂ ಬಂದು ಕೂರುವುದರಿಂದ ಮಗುವಿಗೆ ಸಿಗುವ ಧೈರ್ಯ ಚಿತ್ರದಿಂದ ಸಿಗುವುದಕ್ಕಿಂತ ಹೆಚ್ಚಿನದು.

ಎಲ್ಲಿಗೆ ನಿಲ್ಲಿಸಬೇಕು, ಎಲ್ಲಿಗೆ ಹೋಗಬೇಕು

ಸಾಯುವ ಮಾತು ಅಥವಾ ತನ್ನನ್ನು ತಾನೇ ಗಾಯಗೊಳಿಸಿಕೊಳ್ಳುವುದು, ಯಾರೂ ಇಲ್ಲದ ಕಡೆ ದನಿ ಕೇಳಿಸುವುದು, ದಿನಗಟ್ಟಲೆ ನಿದ್ದೆ ಇಲ್ಲದೆಯೂ ವಿಪರೀತ ಹುರುಪು, ಹಳೆಯ ಘಟನೆ ಈಗಲೇ ನಡೆಯುತ್ತಿದೆ ಎಂಬಂತೆ ಕಣ್ಣೆದುರು ಬರುವುದು, ಎರಡು ವಾರಕ್ಕೂ ಮಿಕ್ಕಿ ಊಟ ನಿದ್ದೆ ಕೆಲಸ ಯಾವುದೂ ಸಾಗದಿರುವುದು: ಇವುಗಳಲ್ಲಿ ಒಂದಿದ್ದರೂ ಕಲಾಭ್ಯಾಸವನ್ನು ಬದಿಗಿಟ್ಟು ವೈದ್ಯರನ್ನು ಕಾಣಬೇಕು. ಸಾಯುವ ಮಾತು ಬಂದಾಗ ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡಬಾರದು, ಕೀಟನಾಶಕದ ಡಬ್ಬಿಗಳನ್ನು ಕೈಗೆ ಸಿಗದಂತೆ ಬೀಗ ಹಾಕಿಡಬೇಕು. ತೋಟ, ಗದ್ದೆ ಇರುವ ಮನೆಗಳಲ್ಲಿ ಇದು ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ.

ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಇದು ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಹಾಸನ ಮತ್ತು ಚಿಕ್ಕಮಗಳೂರಿನ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗವನ್ನು ವಿಚಾರಿಸಬಹುದು. ತಾಲ್ಲೂಕು ಆಸ್ಪತ್ರೆಗಳಿಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ಬರುವ ವ್ಯವಸ್ಥೆ ಇದ್ದು, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯರ ಬಳಿ ಕೇಳಿಕೊಂಡು ಹೋದರೆ ಓಡಾಟ ಉಳಿಯುತ್ತದೆ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಹಾಡು, ಚಿತ್ರದಿಂದ ಹಗುರಾಯಿತೆಂದು ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ವೈದ್ಯರಿಗೆ ಹೇಳಿ, ಅವರು ಹೇಳಿದಂತೆ ಮಾಡಬೇಕು. ಅಂಕ ಬರೆದಿಟ್ಟ ಪುಸ್ತಕವನ್ನು ಆಸ್ಪತ್ರೆಗೆ ಒಯ್ಯಿರಿ. ಸಾಲು ಹೆಚ್ಚಿರುವ ದಿನ ವೈದ್ಯರಿಗೆ ಚಿತ್ರಗಳನ್ನು ನೋಡುವಷ್ಟು ಹೊತ್ತು ಇರಲಾರದು, ಆದರೆ ಕಳೆದ ಒಂದು ತಿಂಗಳಲ್ಲಿ ಸಂಕಟ ಏರಿದ ದಿನ, ಇಳಿದ ದಿನ, ನಿದ್ದೆ ಬಾರದ ರಾತ್ರಿ ಇವು ಒಂದೇ ಪುಟದಲ್ಲಿ ಕಂಡರೆ ಅವರ ಕೆಲಸ ಸುಲಭವಾಗುತ್ತದೆ. ಕಲಾಚಿಕಿತ್ಸಕರೆಂದು ಹೇಳಿಕೊಂಡು ಶಿಬಿರ ನಡೆಸಲು ಬರುವವರಿದ್ದರೆ, ಹಣ ಕಟ್ಟುವ ಮುನ್ನ ಅವರು ಎಲ್ಲಿ, ಎಷ್ಟು ಕಾಲ, ಯಾರ ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆದರೆಂದು ಕೇಳಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಾದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆಯನ್ನು ಕೇಳಬೇಕು. ಕೇಳಿದ್ದಕ್ಕೆ ಸಿಟ್ಟಾಗುವವರ ಶಿಬಿರಕ್ಕೆ ಹೋಗದಿರುವುದು ಮೇಲು.